ಹುಲ್ಲಿಗೆ ಬಂದವಳು

ಕಿಸಿಮ್ಮಿ, ಫ್ಲಾರಿಡಾ
ಸೆಪ್ಟೆಂಬರ್ 14, 2023

ಮಗಳೇ ಸೊರೈದಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ, ಮುದುಕನಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಗಟ್ಟಿಯಾಗಿದ್ದೇನೆ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಎರಡು ಹೇಳಿರುತ್ತೀಯ, ಆಮೇಲೆ ಇಬ್ಬರಲ್ಲಿ ಒಬ್ಬರು ಪಟ್ಟನೆ ಇಟ್ಟುಬಿಡುತ್ತೇವೆ. ಕಾಗದಕ್ಕೆ ಆ ತೊಂದರೆ ಇಲ್ಲ. ಓದಬೇಕು, ಇಲ್ಲವೇ ಹರಿಯಬೇಕು. ಹರಿದರೂ ಇಲ್ಲಿ ಕೂತವನಿಗೆ ಸದ್ದು ಕೇಳುವುದಿಲ್ಲ.

ನಿನ್ನ ಪ್ರೋವಿ ಅತ್ತೆ ಅಲ್ಲಿ ದ್ವೀಪದಿಂದ, ನಿಮ್ಮ ಪೊನ್ಸೆಯಿಂದಲೇ ಫೋನ್ ಮಾಡಿದ್ದಳು. ನನ್ನ ತಂಗಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಜನವರಿಯ ಮೂರು ರಾಜರ ಹಬ್ಬದ ರಜೆಯಲ್ಲಿ ನೀನು, ಅಳಿಯ ಹೆರಿಬೆರ್ತೊ, ಮಕ್ಕಳಿಬ್ಬರು ವಿಮಾನ ಹತ್ತಿ ಇಲ್ಲಿಗೆ ಆಟದ ಪಾರ್ಕ್ ನೋಡಲು ಬರುತ್ತಿದ್ದೀರಂತೆ. ಕೇಳಿ ಖುಷಿಯಾಯಿತು. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಅಣ್ಣಾ, ನಿನಗೆ ಹೇಳಬೇಡ ಅಂದಿದ್ದಾಳೆ ಕಣೋ" ಎಂದಳು. ಆ ಖುಷಿ ಅಲ್ಲೇ ಇಳಿಯಿತು.

ಹೋದ ವರ್ಷ ಜೂನಿನಲ್ಲಿ ಅದೇ ಪಾರ್ಕಿನಲ್ಲಿ ನಾವಿಬ್ಬರೂ ಜಗಳವಾಡಿ ಬೇರೆಬೇರೆ ದಾರಿ ಹಿಡಿದೆವು. ಅಂದಿನಿಂದ ನೀನು ನನ್ನ ಮನೆಯ ಹೊಸಿಲು ತುಳಿದಿಲ್ಲ. ಪಾರ್ಕಿಗೂ ನನ್ನ ಮನೆಗೂ ಎಷ್ಟು ದೂರ? ಪೊನ್ಸೆಯಲ್ಲಿ ಚರ್ಚಿಗೆ ಹೋಗಿ ಬಂದಷ್ಟು. ಇಷ್ಟು ಹತ್ತಿರ ಬಂದು ಹಾಗೇ ಹೊರಟು ಹೋಗುತ್ತೀಯೇನೋ ಎಂದು ಭಯವಾಗಿದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಎರಡು ಕೋಣೆ ಖಾಲಿ ಇವೆ. ಹಾಸಿಗೆ ಬಿಸಿಲಿಗೆ ಹಾಕಿಸುತ್ತೇನೆ.

ನಿನ್ನ ಅಪ್ಪ,
ಎಲಾದಿಯೊ


ಪೊನ್ಸೆ
ಅಕ್ಟೋಬರ್ 3

ಅಪ್ಪ,

ಕಾಗದ ಬಂತು. ಹರಿದಿಲ್ಲ.

ಹೋಟೆಲ್ ಬುಕ್ ಆಗಿದೆ. ಜನವರಿ ಎರಡಕ್ಕೆ ಬರುತ್ತೇವೆ, ಏಳಕ್ಕೆ ವಾಪಸ್. ನಿನ್ನ ಕೋಣೆಗಳನ್ನು ಹಾಗೇ ಇಡು, ಹಾಸಿಗೆಗೆ ಬಿಸಿಲು ತೋರಿಸುವ ಕಷ್ಟ ಬೇಡ.

ಜಗಳ ಎನ್ನುತ್ತೀಯ. ಜಗಳವೆಂದರೆ ಇಬ್ಬರೂ ಕೂಗುವುದು. ಅಂದು ಕೂಗಿದ್ದು ನಾನೊಬ್ಬಳೇ, ನೀನು ಬಾಯಿ ಬಿಡಲಿಲ್ಲ. ಅಮ್ಮ ಹೋಗಿ ವರ್ಷ ತುಂಬಿತ್ತು. ಎಲ್ಲರಿಗೂ ಅವಳ ಮುಖ ಇರುವ ಅಂಗಿ ಮಾಡಿಸಿದ್ದೆ, ಚಿಕ್ಕಪ್ಪನ ಮಕ್ಕಳಿಗೂ ಸೇರಿಸಿ. ಅಷ್ಟು ಜನರ ಮಧ್ಯೆ, ಆ ದೋಣಿ ಆಟದ ಸಾಲಿನಲ್ಲಿ, ನೀನು ಅವಳ ಮುಖವಿದ್ದ ಅಂಗಿ ಕಳಚಿ ನನ್ನ ಕೈಗಿಟ್ಟು ಬನಿಯನ್ನಿನಲ್ಲಿ ಹೊರಟೆ. ತಿರುಗಿಯೂ ನೋಡಲಿಲ್ಲ. ಅನಾಯಿಸ್ ಆಗ ತುಂಬಾ ಚಿಕ್ಕವಳು, ಈಗಲೂ ಕೇಳುತ್ತಾಳೆ, "ತಾತ ಅಜ್ಜಿನ ಯಾಕೆ ವಾಪಸ್ ಕೊಟ್ಟ?" ಅಂತ. ಏನು ಹೇಳಲಿ?

ಈ ಸಲ ಎಲ್ಲ ಸರಿಯಾಗಿ ನಡೆಯುತ್ತದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ದಿನವಿಡೀ ನಾನು ಮಾಡುವುದೇ ಇದನ್ನು, ಯಾರು ಯಾವಾಗ ಎಲ್ಲಿ ಕೂರಬೇಕು ಎಂದು. ಗೇಟು ತೆಗೆಯುವ ಮೊದಲೇ ನಾವು ಅಲ್ಲಿರುತ್ತೇವೆ. ಎಡಗಡೆಯಿಂದ ಶುರು, ಒಂದೂ ಬಿಡುವ ಹಾಗಿಲ್ಲ, ರಾತ್ರಿ ಪಟಾಕಿ ನೋಡಿಯೇ ಹೊರಗೆ. ಊಟ ಸಾಲಿನಲ್ಲಿ ನಿಂತುಕೊಂಡೇ. ಅಮ್ಮನ ನಿಯಮ ಹಾಗೇ ಇದೆ, ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ. ನಿನಗೆ ಅದು ಕಷ್ಟವಾಗಿತ್ತು. ನಮಗೆ ಆಗುವುದಿಲ್ಲ.

ಸೊರೈದಾ


ಕಿಸಿಮ್ಮಿ
ಅಕ್ಟೋಬರ್ 20

ಮಗಳೇ,

ನಮ್ಮ ಮನೆತನದಲ್ಲಿ ದೊಡ್ಡವರಿಗೆ ಬರೆಯುವಾಗ ಮೊದಲು ಆಶೀರ್ವಾದ ಕೇಳುತ್ತಾರೆ. ನೀನು ಕೇಳಿಲ್ಲ. ಕೇಳದಿದ್ದರೂ ಕೊಡುತ್ತಿದ್ದೇನೆ, ಇಟ್ಟುಕೋ.

ಅಂಗಿಯ ವಿಷಯ. ಅದು ಜೂನ್ ತಿಂಗಳು. ನೀನು ಮಾಡಿಸಿದ್ದು ಕಪ್ಪು ಬಟ್ಟೆ, ಕಂಬಳಿಯಷ್ಟು ದಪ್ಪ. ಬೆಳಗಿನಿಂದ ನಿಂತಿದ್ದೆ, ಕಣ್ಣು ಮಂಜಾಗುತ್ತಿತ್ತು. ಬೆವರಿಗೆ ಅಂಗಿ ತೆಗೆದೆನೇ ಹೊರತು ನಿನ್ನ ಅಮ್ಮನನ್ನಲ್ಲ. ನೆಲದ ಮೇಲೆ ಹಾಕಲಾಗದೆ ನಿನ್ನ ಕೈಗೆ ಕೊಟ್ಟೆ. ಗೇಟಿನ ಹತ್ತಿರ ಕಾವಲಿನವನು ಹಿಡಿದು ನಿಲ್ಲಿಸಿ "ಯಜಮಾನ್ರೇ, ಬನಿಯನ್ನಲ್ಲಿ ಓಡಾಡಂಗಿಲ್ಲ" ಎಂದ. ಅಲ್ಲೇ ಅಂಗಡಿಯಲ್ಲಿ ಹಲ್ಲು ಕಿರಿಯುವ ಮೊಸಳೆಯ ಚಿತ್ರದ ಅಂಗಿ ಕೊಂಡು ತೊಟ್ಟು ಮನೆಗೆ ಬಂದೆ. ಹೆಂಡತಿ ಸತ್ತ ದುಃಖದಲ್ಲಿರುವ ಗಂಡಸು ಮೊಸಳೆ ಹೊತ್ತುಕೊಂಡು ಬಸ್ಸಿನಲ್ಲಿ. ಅನಾಯಿಸ್‌ಗೆ ಇದನ್ನು ಹೇಳು, ನಗಲಿ.

ಈಗ ನಿನ್ನ ಕವಾಯತಿನ ವಿಷಯ. ವಾರದಲ್ಲಿ ಮೂರು ದಿನ ನಾನು ಹೋಟೆಲಿನ ವ್ಯಾನ್ ಓಡಿಸುತ್ತೇನೆ, ಜನರನ್ನು ಪಾರ್ಕಿಗೆ ಬಿಟ್ಟು ಕರೆತರುವ ಕೆಲಸ. ಬೆಳಿಗ್ಗೆ ಹಾಡುತ್ತಾ ಹೋದವರು ರಾತ್ರಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೊನ್ನೆ ಒಬ್ಬ ಗಂಡ ಹೆಂಡತಿಗೆ "ಇನ್ನೂ ಎರಡು ಉಳೀತಲ್ಲ" ಎಂದ. ಅವಳು "ನೀನೂ ಉಳಿದಿದ್ದೀಯ, ಅದೇ ಬೇಜಾರು" ಎಂದಳು. ಹಿಂದಿನ ಸೀಟಿನ ಮಕ್ಕಳು ಕಿಟಕಿಗೆ ಮುಖ ತಿರುಗಿಸಿಕೊಂಡರು.

ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳಿ. ಅದು ಆದರೆ ಆ ದಿನ ಗೆದ್ದ ಹಾಗೆ. ಮಧ್ಯಾಹ್ನ ಮನೆಗೆ ಬನ್ನಿ, ಉಂಡು ಮಲಗಿ, ಮನಸ್ಸಾದರೆ ಸಂಜೆ ಹೋಗಿ. ಒಂದು ದಿನ ಪಾರ್ಕಿನ ಮುಖವನ್ನೇ ನೋಡಬೇಡಿ. ಅನಾಯಿಸ್‌ಗೆ ಅಣ್ಣನಾದರೂ ಗಾದಿಯೆಲ್ ಪುಕ್ಕಲು ಹುಡುಗ, ಅವನನ್ನು ಆ ದೊಡ್ಡ ಆಟಗಳ ಹತ್ತಿರ ಎಳೆಯಬೇಡ.

ನಿನ್ನ ಅಮ್ಮನ ನಿಯಮ ಎನ್ನುತ್ತೀಯ. ಲಿದಿಯಾ ಆ ಮಾತು ಹೇಳಿದ್ದು ಚಂಡಮಾರುತ ಬಂದ ರಾತ್ರಿ. ಮನೆ ಬಿಟ್ಟು ಓಡುವಾಗ ಹೇಳುವ ಮಾತು ಅದು, ಆಟಕ್ಕೆ ಹೋಗುವಾಗ ಹೇಳುವುದಲ್ಲ. ಕಡಲತೀರಕ್ಕೆ ಕರೆದುಕೊಂಡು ಹೋದರೆ ಅವಳು ಏನು ಮಾಡುತ್ತಿದ್ದಳು, ನೆನಪಿದೆಯಾ? ಕುರ್ಚಿ ಹಾಕಿಕೊಂಡು ಕೂತರೆ ಮುಗಿಯಿತು. ನೀರಿಗೆ ಕಾಲು ಕೂಡ ತೋಯಿಸುತ್ತಿರಲಿಲ್ಲ. "ನೀವೆಲ್ಲ ಹೋಗ್ಬನ್ನಿ, ನಾನು ಚೀಲ ಕಾಯ್ತೀನಿ" ಎನ್ನುತ್ತಿದ್ದಳು. ಚೀಲವನ್ನೂ ಕಾಯುತ್ತಿರಲಿಲ್ಲ, ಹೋಗಿಬರುವವರನ್ನೆಲ್ಲ ಮಾತಿಗೆ ಎಳೆಯುತ್ತಿದ್ದಳು.

ನಿನ್ನ ಅಪ್ಪ,
ಎಲಾದಿಯೊ


ಪೊನ್ಸೆ
ನವೆಂಬರ್ 25

ಅಪ್ಪ, ಆಶೀರ್ವಾದ ಮಾಡು.

ಕೇಳಿದೆ. ಇನ್ನು ಆ ಮಾತು ಎತ್ತಬೇಡ.

ಮೊಸಳೆಯ ಕಥೆ ಹೇಳಿದೆ. ಅನಾಯಿಸ್ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡಳು. ಹೆರಿಬೆರ್ತೊ ಅಡುಗೆಮನೆಗೆ ಹೋಗಿ ನಕ್ಕ, ನನಗೆ ಕೇಳಿಸಿತು. ನಾನು ನಗಲಿಲ್ಲ. ಆಮೇಲೆ ಸ್ನಾನದ ಮನೆಯಲ್ಲಿ ಸ್ವಲ್ಪ ನಕ್ಕೆ.

ನಿನ್ನ ಕಣ್ಣು ಮಂಜಾಗಿತ್ತೆಂದು ಅಂದೇ ಯಾಕೆ ಹೇಳಲಿಲ್ಲ? ನೀರು ತಂದುಕೊಡುತ್ತಿದ್ದೆನಲ್ಲ. ಅಪ್ಪ ಎನ್ನಿಸಿಕೊಂಡವರು ಬಾಯಿ ಬಿಟ್ಟು ಸುಸ್ತಾಯಿತು ಎಂದರೆ ಏನು ಕಿರೀಟ ಬೀಳುತ್ತದೆ?

ಈ ಸಲ ಅಂಗಿ ಮಾಡಿಸಿಲ್ಲ. ಆದರೆ ಉಳಿದದ್ದಕ್ಕೆ ನಾನು ಒಪ್ಪುವುದಿಲ್ಲ. ನಿನಗೆ ಪಾರ್ಕ್ ಹಿತ್ತಿಲಲ್ಲಿದ್ದ ಹಾಗೆ, ಒಂದು ಉಳಿದರೆ ನಾಳೆ ನೋಡಿದರಾಯಿತು. ನಾವು ದ್ವೀಪದಿಂದ ಬರಬೇಕು. ಅಮ್ಮ ವರ್ಷ ವರ್ಷ ಹೇಳುತ್ತಿದ್ದಳಲ್ಲ, ಮೊಮ್ಮಕ್ಕಳನ್ನು ಕರೆದುಕೊಂಡು ಆ ಪಾರ್ಕಿಗೆ ಹೋಗಬೇಕು, ಮುಂದಿನ ಸಲ, ಮುಂದಿನ ಸಲ ಅಂತ. ಮುಂದಿನ ಸಲ ಬಂತು, ಅವಳು ಇರಲಿಲ್ಲ. ಅದಕ್ಕೇ ನನಗೆ ಆ ಮಾತು ಕೇಳಿದರೆ ಆಗುವುದಿಲ್ಲ. ಒಂದು ಆಟ ಬಿಟ್ಟು ಮುಂದೆ ಹೋದರೂ ಅವಳನ್ನು ಮತ್ತೆ ಬಿಟ್ಟು ಬಂದ ಹಾಗೆ ಎದೆ ಹಿಂಡುತ್ತದೆ. ಹುಚ್ಚು ಎನ್ನು. ಇದೆ.

ಆರನೇ ತಾರೀಖು, ಹಬ್ಬದ ದಿನ, ಊಟಕ್ಕೆ ಬರುತ್ತೇವೆ. ಊಟಕ್ಕೆ ಮಾತ್ರ. ಹೋಟೆಲ್ ಹೋಟೆಲೇ.

ಸೊರೈದಾ


ಕಿಸಿಮ್ಮಿ
ಜನವರಿ 4, 2024

(ಹೋಟೆಲಿನ ಕೌಂಟರಿನಲ್ಲಿ ಬಿಟ್ಟ ಚೀಟಿ)

ಸೊರೈದಾ,

ಬೆಳಿಗ್ಗೆ ಬಂದೆ, ನೀವು ಹೊರಟಿದ್ದಿರಿ. ಸಂಜೆ ಬಂದೆ, ಬಂದಿರಲಿಲ್ಲ. ಕೌಂಟರಿನ ಹುಡುಗಿಗೆ ನಿಮ್ಮ ಗುರುತು ಹೇಳಿದರೆ "ಓ, ಓಡ್ಕೊಂಡು ಹೋಗೋರಾ?" ಎಂದಳು. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಪಾಸ್ತೆಲೆಸ್ ಇಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನಿ.

ನಾಳೆ ಹಬ್ಬದ ಹಿಂದಿನ ಸಂಜೆ. ರಾತ್ರಿ ಉಡುಗೊರೆ ಹೊತ್ತು ಬರುವ ರಾಜರ ಒಂಟೆಗಳಿಗೆ ಮಕ್ಕಳು ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಮಂಚದ ಕೆಳಗೆ ಇಡಬೇಕಲ್ಲ. ನನ್ನ ಅಂಗಳದ ಹುಲ್ಲನ್ನು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕತ್ತರಿಸಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಬಡಾವಣೆಯ ಸಂಘದವರು ಎರಡು ಸಲ ನೋಟಿಸ್ ಅಂಟಿಸಿ ಹೋದರು. ಬಾಗಿಲಿಗೆ ಬಂದ ಹೆಂಗಸಿಗೆ "ತಾಯಿ, ಇದು ಒಂಟೆಗೆ" ಎಂದೆ. ಅವಳು ಹಿಂದೆ ಹಿಂದೆ ನಡೆದು ಕಾರು ಹತ್ತಿದಳು.

ನಾಳೆ ಬನ್ನಿ ಎಂದು ಕೇಳುತ್ತಿಲ್ಲ. ಊಟ ಆರನೇ ತಾರೀಖಿಗೆ ಎಂದು ನೀನು ಹೇಳಿದ್ದೀಯ. ಹುಲ್ಲು ಇದೆ ಎಂದು ತಿಳಿಸಿದೆ, ಅಷ್ಟೇ.

ಅಪ್ಪ


ಪೊನ್ಸೆ
ಜನವರಿ 13

ಅಪ್ಪ, ಆಶೀರ್ವಾದ ಮಾಡು.

ಸುಖವಾಗಿ ಬಂದು ಸೇರಿದೆವು. ಐದನೇ ತಾರೀಖು ಮಧ್ಯಾಹ್ನ ಬಾಗಿಲಲ್ಲಿ ನನ್ನನ್ನು ಕಂಡಾಗ ನೀನು ಏನೂ ಕೇಳಲಿಲ್ಲ. ಮಾರನೆಯ ದಿನ ಹಬ್ಬದ ಗಲಾಟೆ, ಪ್ರೋವಿ ಅತ್ತೆಯ ಫೋನು, ತೊಗರಿಕಾಳಿನ ಅನ್ನ ತಳ ಹಿಡಿದದ್ದು, ಅದರಲ್ಲಿ ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಮೊದಲೆರಡು ದಿನ ಅಂದುಕೊಂಡ ಹಾಗೇ ನಡೆಯಿತು. ಎಡಗಡೆಯದೆಲ್ಲ ನೋಡಿದೆವು. ಏನು ನೋಡಿದೆವು ಎಂದು ಈಗ ಕೇಳಿದರೆ ನನಗೆ ಮುಂದಿದ್ದವರ ಬೆನ್ನುಗಳೇ ಜ್ಞಾಪಕಕ್ಕೆ ಬರುತ್ತವೆ. ಮೂರನೆಯ ದಿನ ದೊಡ್ಡ ರೋಲರ್ ಕೋಸ್ಟರಿನ ಹತ್ತಿರ ಬಂದೆವು. ಅಲ್ಲಿ ಎತ್ತರ ಅಳೆಯುವ ಕೋಲು ನಿಲ್ಲಿಸಿದ್ದಾರೆ. ಅನಾಯಿಸ್ ತುದಿಗಾಲಲ್ಲಿ ನಿಂತಳು, ಕೂದಲು ಮೇಲೆತ್ತಿ ಹಿಡಿದಳು, ಆದರೂ ನಾಲ್ಕು ಬೆರಳು ಕಡಿಮೆ. "ಸರಿ, ಮುಂದಿನದಕ್ಕೆ ಹೋಗೋಣ" ಎಂದೆ. ಹಿಂದಿನ ದಿನಗಳಲ್ಲೂ ಹಾಗೇ ಎಂದಿದ್ದೆ.

ಗಾದಿಯೆಲ್ ಸಾಲಿನಿಂದ ಹೊರಬಂದ. ಹಿಂದೆ ನಿಂತಿದ್ದ ಹೆಂಗಸು, ನಮ್ಮ ದ್ವೀಪದವಳೇ, ಬಾಯಾಮೋನ್ ಕಡೆಯ ಮಾತು, "ಏನಪ್ಪಾ, ನೀನು ಸಾಕಷ್ಟು ಉದ್ದ ಇದ್ದೀಯಲ್ಲ, ಹತ್ತಲ್ವಾ?" ಎಂದಳು.

"ನಮ್ಮ ಮನೇಲಿ ಎಲ್ಲರಿಗೂ ಆಗದೇ ಇರೋದು ಯಾರಿಗೂ ಇಲ್ಲ ಆಂಟಿ" ಎಂದ.

ಸಿಟ್ಟಿನಿಂದ ಹೇಳಿದ್ದರೆ ನಾನು ಗದರಿ ಮುಂದೆ ಹೋಗುತ್ತಿದ್ದೆ. ಊರು ಯಾವುದು ಎಂದು ಕೇಳಿದರೆ ಪೊನ್ಸೆ ಎನ್ನುವ ಹಾಗೆ ಹೇಳಿದ. ಅಷ್ಟು ಒಗ್ಗಿ ಹೋಗಿತ್ತು ಅವನಿಗೆ. ಅಪ್ಪ, ಅವನು ಪುಕ್ಕಲನಲ್ಲ, ನಿನ್ನ ಲೆಕ್ಕ ತಪ್ಪು. ಹೋದ ಸಲ ಬಂದಾಗಿನಿಂದ ಅವನಿಗೆ ಬೇಕಿದ್ದದ್ದು ಅದೊಂದೇ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ತೋರಿಸಿದ್ದೆ.

ಅಷ್ಟರಲ್ಲಿ ಅನಾಯಿಸ್ ಕಾಣಲಿಲ್ಲ. ನೋಡಿದರೆ ಬೇಲಿಯ ಪಕ್ಕ ಮೊಣಕಾಲೂರಿ ಹುಲ್ಲು ಕೀಳುತ್ತಿದ್ದಾಳೆ.

"ಅಮ್ಮ, ಈ ಹುಲ್ಲು ಬರ್ತಾನೇ ಇಲ್ಲ."

ಕೈ ಹಾಕಿ ನೋಡಿದೆ. ಪ್ಲಾಸ್ಟಿಕ್ಕು.

"ಇದು ನಿಜವಾದ್ದಲ್ಲ ಕಣೇ. ಪಟಾಕಿ ಮುಗಿಸ್ಕೊಂಡು ಹೋಟೆಲ್ ಹತ್ರ ಕಿತ್ಕೊಳ್ಳೋಣ."

"ಹೋಟೆಲ್ ಹತ್ರ ಬರೀ ಕಾರು. ನಿನ್ನೆ ರಾತ್ರಿ ನೋಡ್ದೆ ನಾನು." ಆಮೇಲೆ ಯೋಚಿಸಿ ಕೇಳಿದಳು, "ಪ್ಲಾಸ್ಟಿಕ್ ತಿಂದ್ರೆ ಒಂಟೆಗೆ ಹೊಟ್ಟೆ ನೋಯಲ್ವಾ?"

ನಾನು ಅಲ್ಲೇ ಕಲ್ಲಿನ ಅಂಚಿನ ಮೇಲೆ ಕೂತೆ. ಮೂರು ದಿನದಲ್ಲಿ ಮೊದಲ ಸಲ ಕೂತದ್ದು. ಹೆರಿಬೆರ್ತೊ ಬಗ್ಗಿ ನೋಡಿದ.

"ತಲೆ ಸುತ್ತುತ್ತಾ?"

"ಇಲ್ಲ. ನೀನು ಅವನನ್ನ ಕರ್ಕೊಂಡು ಆ ಕೋಸ್ಟರ್ ಹತ್ತು. ನಾನು ಇವಳನ್ನ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ? ಇನ್ನೂ ಬಲಗಡೆದು ಪೂರ್ತಿ ಉಳಿದಿದೆ."

"ಉಳೀಲಿ."

ಅವನು ನನ್ನ ಹಣೆ ಮುಟ್ಟಿ ನೋಡಿದ. ಜ್ವರ ಬಂದಿದೆ ಎಂದುಕೊಂಡನಂತೆ.

ಗೇಟಿನಿಂದ ಹೊರಗೆ ಬರುವಾಗ ಎದೆ ಹಿಂಡುತ್ತದೆ ಎಂದು ಕಾದೆ. ಹಿಂಡಿತು. ಆದರೆ ಅನಾಯಿಸ್ ನನ್ನ ಕೈ ಹಿಡಿದು ಕುಣಿಯುತ್ತಿದ್ದಳು, ಅವಳನ್ನು ಹಿಡಿಯುವುದರಲ್ಲೇ ಅದು ಎಲ್ಲೋ ಹೋಯಿತು. ಟ್ಯಾಕ್ಸಿಯವನಿಗೆ ನಿನ್ನ ವಿಳಾಸ ಹೇಳಿದೆ. ಬಾಗಿಲು ತಟ್ಟುವಾಗ ಏನು ಹೇಳಬೇಕೆಂದು ಗೊತ್ತಿರಲಿಲ್ಲ. "ಹುಲ್ಲಿಗೆ ಬಂದೆ" ಎಂದೆ. ನೀನು "ಕತ್ತರಿ ತರ್ತೀನಿ ಇರು" ಎಂದು ಒಳಗೆ ಹೋದೆ.

ಆಮೇಲಿನದು ನನಗೆ ಏನೇನೂ ತಿಳಿಯದು. ಸೋಫಾದಲ್ಲಿ ಒಂದು ನಿಮಿಷ ಒರಗಿದ್ದು ಗೊತ್ತು. ಕಣ್ಣು ಬಿಟ್ಟರೆ ಬೆಳಗಾಗಿತ್ತು, ಮೇಲೆ ಹೊದಿಕೆ ಇತ್ತು, ಮಕ್ಕಳು ಉಡುಗೊರೆ ಬಿಚ್ಚುತ್ತಿದ್ದರು. ಸಂಜೆ ಏನಾಯಿತು ಎಂದು ಇವರನ್ನು ಕೇಳಿದರೆ ಮೂವರೂ ಮುಖ ಮುಖ ನೋಡಿಕೊಂಡು ನಗುತ್ತಾರೆ. "ತಾತನ್ನೇ ಕೇಳು" ಎನ್ನುತ್ತಾರೆ. ನಾನೇನಾದರೂ ಗೊರಕೆ ಹೊಡೆದೆನಾ? ಹೇಳು.

ಸೊರೈದಾ


ಕಿಸಿಮ್ಮಿ
ಜನವರಿ 24

ಮಗಳೇ ಸೊರೈದಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಹೊಡೆದೆ. ನಿನ್ನ ಅಮ್ಮನಿಗಿಂತ ಜೋರು. ಅನಾಯಿಸ್ ಕಿವಿ ಮುಚ್ಚಿಕೊಂಡು "ತಾತ, ಅಮ್ಮ ಕೋಸ್ಟರ್ ಥರ ಸದ್ದು ಮಾಡ್ತಾಳೆ" ಎಂದಳು.

ಗಾದಿಯೆಲ್ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ಒಪ್ಪಿದೆ. ಪುಕ್ಕಲ ಅವನಲ್ಲ, ಅವನಪ್ಪ. ಕೆಳಗಿಳಿದ ಮೇಲೆ ಹೆರಿಬೆರ್ತೊ ಬಹಳ ಹೊತ್ತು ಕಂಬ ಹಿಡಿದು ನಿಂತಿದ್ದನಂತೆ.

ಏನಾಯಿತೆಂದು ಕೇಳಿದೆಯಲ್ಲ, ಹೇಳುತ್ತೇನೆ. ಕತ್ತರಿ ತಂದು ನೋಡಿದರೆ ನೀನು ಸೋಫಾದಲ್ಲಿ ಕುತ್ತಿಗೆ ವಾಲಿಸಿ ನಿದ್ದೆ ಹೋಗಿದ್ದೆ. ನಾನೂ ಅನಾಯಿಸೂ ಅಂಗಳದಲ್ಲಿ ಕೂತು ಹುಲ್ಲು ಕತ್ತರಿಸಿದೆವು. ಮೂರು ಒಂಟೆಗೆ ಮೂರು ಪೆಟ್ಟಿಗೆ ಬೇಕೆಂದಳು. ಮೂರನೆಯದಕ್ಕೆ ಪೆಟ್ಟಿಗೆ ಸಿಗದೆ ನನ್ನ ಅಡುಗೆಮನೆಯ ದೊಡ್ಡ ಪಾತ್ರೆಗೇ ತುಂಬಿದೆವು. ಅರ್ಧ ಅಂಗಳ ಬೋಳಾಯಿತು. ಸಂಘದ ಹೆಂಗಸು ಕಾರಿನಲ್ಲಿ ಹೋಗುತ್ತಾ ನೋಡಿ ಕೈ ಬೀಸಿದಳು.

ಹೊತ್ತು ಮುಳುಗುವಾಗ ಅಪ್ಪ ಮಗ ಇಬ್ಬರೂ ಬಂದರು. ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದೆ. ಗಾದಿಯೆಲ್‌ಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು, ಹಾಗಾಗಿ ಪಿಸುಗುಡುವುದು ಕಷ್ಟವಾಗಲಿಲ್ಲ. ಮೂರು ಸಲ ಹತ್ತಿದನಂತೆ. ಮೂರೂ ಸಲದ ಕಥೆಯನ್ನು ಬೇರೆಬೇರೆಯಾಗಿ ಹೇಳಿದ. ಕುರ್ಚಿ ಎಳೆದರೆ ಸದ್ದಾಗುತ್ತದೆಂದು ಅಡುಗೆಮನೆಯಲ್ಲಿ ಎಲ್ಲರೂ ನಿಂತೇ ಉಂಡೆವು. ಹೆರಿಬೆರ್ತೊ ಚಮಚ ಬೀಳಿಸಿದ. ನಾವೆಲ್ಲ ಉಸಿರು ಹಿಡಿದು ನಿನ್ನ ಕಡೆ ನೋಡಿದೆವು. ನೀನು ಮಗ್ಗುಲು ಬದಲಿಸಿ ಮತ್ತೆ ಶುರು ಮಾಡಿದೆ. ಅನಾಯಿಸ್ ನಗು ತಡೆಯಲಾಗದೆ ಫ್ರಿಜ್ಜಿನೊಳಗೆ ತಲೆ ಹಾಕಿದಳು. ಅದಕ್ಕೇ ಇವರು ಮುಖ ಮುಖ ನೋಡಿಕೊಳ್ಳುವುದು.

ಆಮೇಲೆ ಪಾರ್ಕಿನ ಪಟಾಕಿ ಶುರುವಾಯಿತು. ನಮ್ಮ ಕಿಟಕಿಯಿಂದ ಮೇಲ್ಭಾಗ ಮಾತ್ರ ಕಾಣುತ್ತದೆ, ಕೆಳಗಿನದೆಲ್ಲ ಪಕ್ಕದ ಮನೆಯ ಛಾವಣಿಯೇ ನುಂಗುತ್ತದೆ. ಅನಾಯಿಸ್ ನಿನ್ನನ್ನು ಎಬ್ಬಿಸಲು ಓಡಿದಳು. "ಅಮ್ಮಂಗೆ ಇದು ಬೇಕಿತ್ತು, ತಪ್ಪಿಹೋಗತ್ತೆ" ಎಂದಳು. ಗಾದಿಯೆಲ್ ಅವಳನ್ನು ಹಿಡಿದು ನಿಲ್ಲಿಸಿ "ತಪ್ಪಲಿ ಬಿಡೇ, ಮಲ್ಕೊಳ್ಲಿ" ಎಂದ. ದೊಡ್ಡವನಾಗಿಬಿಟ್ಟಿದ್ದಾನೆ.

ಈಸ್ಟರಿಗೆ ನಾನೇ ಪೊನ್ಸೆಗೆ ಬರುತ್ತೇನೆ. ಒಂದು ಕುರ್ಚಿ ಹಾಕಿ ಕಡಲಿನ ಮುಂದೆ ಬಿಟ್ಟುಬಿಡು, ಬೇರೇನೂ ತೋರಿಸಬೇಡ. ಸುಸ್ತಾದರೆ ಬಾಯಿ ಬಿಟ್ಟು ಹೇಳುತ್ತೇನೆ.

ಎಲ್ಲರೂ ಮಲಗಿದ ಮೇಲೆ ನಿನ್ನ ಬೂಟಿನ ದಾರ ಬಿಚ್ಚಿದೆ. ಕಾಲು ಊದಿತ್ತು, ಬೂಟು ಬೇಗ ಬರಲಿಲ್ಲ. ಜಗ್ಗಿದೆ, ಆದರೂ ನಿನಗೆ ಎಚ್ಚರವಾಗಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಒಂದೂವರೆ ವರ್ಷದಿಂದ ನೀನು ನನ್ನನ್ನು ಕ್ಷಮಿಸಿದ್ದೀಯೋ ಇಲ್ಲವೋ ಎಂದು ಕೇಳಲು ಮಾತು ಹುಡುಕುತ್ತಿದ್ದೆ. ಇನ್ನು ಕೇಳುವುದಿಲ್ಲ. ಸಿಟ್ಟಿರುವವರ ಮನೆಯಲ್ಲಿ ಯಾರೂ ಹಾಗೆ ನಿದ್ದೆ ಮಾಡುವುದಿಲ್ಲ.

ನಿನ್ನ ಅಪ್ಪ,
ಎಲಾದಿಯೊ